ರಣಭೈರವಿ ಅಕ್ಕಾದೇವಿ

ದಾನಚಿಂತಾಮಣಿ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಮೂರು ವರ್ಷಗಳ ತರುವಾಯ, 1010ರಲ್ಲಿ, ನಮ್ಮ ಗದಗ ಸೀಮೆಯದೇ ಆದ ಸೂಡಿಯ ಶಾಸನದಲ್ಲಿ ಇನ್ನೊಬ್ಬ ಮಹಿಳೆಯ ಹೆಸರು ಕಾಣಿಸಿಕೊಳ್ಳುತ್ತದೆ. ಅವಳೇ ಕಲ್ಯಾಣ ಚಾಲುಕ್ಯರ ರಾಜಪುತ್ರಿ ಅಕ್ಕಾದೇವಿ. ಹೆಸರಿನ ಸಾಮ್ಯದಿಂದ ಈಕೆಯನ್ನು ಉಡುತಡಿಯ ಅಕ್ಕಮಹಾದೇವಿಯೆಂದು ಭ್ರಮಿಸುವವರುಂಟು. ಶರಣೆ ಅಕ್ಕನು ಈಕೆಗಿಂತ ಒಂದು ಶತಮಾನದಷ್ಟು ಈಚಿನವಳು.

ದಶವರ್ಮ ಮತ್ತು ಭಾಗಲದೇವಿಯರ ಪುತ್ರಿಯಾದ ಈಕೆ ಐದನೆಯ ವಿಕ್ರಮಾದಿತ್ಯ, ಎರಡನೆಯ ಜಯಸಿಂಹರ ಒಡಹುಟ್ಟಿದವಳು. ಹಾನಗಲ್ಲಿನ ಕದಂಬರ ಮನೆಗೆ ಸೊಸೆಯಾಗಿ ಹೋದರೂ ತವರಿನ ಆಳ್ವಿಕೆಯ ಹೊಣೆಯನ್ನು ಬಿಡಲಿಲ್ಲ. ಕಿಸುಕಾಡು ಎಪ್ಪತ್ತನ್ನು ಆಳಿದಳು. ಗುಣದಬೆಡಂಗಿ ಎಂಬ ಬಿರುದನ್ನು ಹೊಂದಿದ್ದಳು.

ಸ್ಮೃತಿಕಾರರು ಯುದ್ಧವನ್ನು ಕ್ಷತ್ರಿಯ ಪುರುಷನ ಧರ್ಮವೆಂದು ವಿಧಿಸಿ, ಸ್ತ್ರೀಯನ್ನು ತಂದೆ, ಪತಿ, ಪುತ್ರರ ರಕ್ಷಣೆಯಲ್ಲಿರಿಸಿದರು. ಆದರೆ ಪುರಾಣಗಳಲ್ಲಿ ದೇವತೆಗಳೆಲ್ಲರೂ ಸೋತಾಗ ಮಹಿಷನನ್ನು ಕೊಂದವಳು ದೇವಿಯೇ. ಅಕ್ಕಾದೇವಿಯನ್ನು ಬಣ್ಣಿಸಹೊರಟ ಶಾಸನಕವಿಯು ಸ್ಮೃತಿಯನ್ನು ಬದಿಗಿರಿಸಿ ಪುರಾಣವನ್ನು ಹಿಡಿದನು. ಯುದ್ಧದಲ್ಲಿ ಈಕೆಯನ್ನು ಭೈರವಿಗೆ ಹೋಲಿಸಿದನು. ಮಾನವಸ್ತ್ರೀಗೆ ಶಾಸ್ತ್ರವು ತೆರೆಯದ ಬಾಗಿಲನ್ನು ಉಪಮಾನವು ತೆರೆಯಿತು. ಹೊಗಳಿಕೆಯಲ್ಲಿ ಕವಿಸಮಯವಿದ್ದೀತು, ಆದರೆ ದಂಡಿನ ಸಂಗತಿ ಬರಿಯ ಹೊಗಳಿಕೆಯಲ್ಲ.

1047ರಲ್ಲಿ ಆಕೆ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿದ್ದಳು. ಸೂಡಿಯ ಮೊದಲ ಶಾಸನದಿಂದ ಲೆಕ್ಕ ಹಾಕಿದರೆ ಮೂವತ್ತೇಳು ವರ್ಷಗಳು ಕಳೆದಿದ್ದವು, ಆಕೆ ತರುಣಿಯಾಗಿರಲಿಲ್ಲ. ಆ ಮುತ್ತಿಗೆಯ ಕಾಲದಲ್ಲಿಯೇ ವಿಕ್ರಮಪುರದ, ಎಂದರೆ ಬಾಗಲಕೋಟೆ ಜಿಲ್ಲೆಯ ಅರಸಿಬೀಡಿನ, ಬಸದಿಗೆ ದತ್ತಿಯನ್ನು ಬಿಟ್ಟಳು. ಅಹಿಂಸೆಯನ್ನೇ ಪರಮಧರ್ಮವೆಂದು ಸಾರುವ ಜೈನಮತದ ಬಸದಿಯು ಕೋಟೆಯನ್ನು ಮುತ್ತಿ ನಿಂತ ಹೆಣ್ಣಿನ ದಾನವನ್ನು ಸ್ವೀಕರಿಸಿತು! ಇದರಲ್ಲಿ ವಿರೋಧವನ್ನು ಕಾಣುವವರು ಜೈನರ ವ್ರತಭೇದವನ್ನು ಅರಿಯಬೇಕು. ಯತಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ರಾಜ್ಯಭಾರದಲ್ಲಿರುವ ಶ್ರಾವಕನಿಗೆ ಖಡ್ಗವು ವರ್ಜ್ಯವಾಗಿರಲಿಲ್ಲ; ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ದಂಡನಾಯಕನೇ. ಅವನಿಗೆ ಸಲ್ಲುವ ನ್ಯಾಯವು ಅಕ್ಕಾದೇವಿಗೂ ಸಂದಿತು. ಆದರೂ ಇಷ್ಟರಿಂದಲೇ ಅಂದಿನ ಎಲ್ಲ ಸ್ತ್ರೀಯರಿಗೂ ರಣದ ಅಧಿಕಾರವಿತ್ತೆಂದು ಬಗೆಯಲಾಗದು. ಈಕೆಯ ಬೆನ್ನಿಗೆ ಚಾಲುಕ್ಯ ಸಿಂಹಾಸನವಿತ್ತು. ಸಾಮಾನ್ಯ ಒಕ್ಕಲಗಿತ್ತಿಗೆ ಅದಿರಲಿಲ್ಲ.

ಆಕೆ ಜೈನಮತವೊಂದಕ್ಕೇ ಕಟ್ಟುಬಿದ್ದವಳೂ ಅಲ್ಲ. ಜಿನ, ಬುದ್ಧ, ಅನಂತ, ರುದ್ರ ಈ ನಾಲ್ವರ ಆಗಮಗಳು ವಿಧಿಸಿದ ಆಚಾರಗಳನ್ನೂ ನಡೆಸುತ್ತಿದ್ದಳೆಂದು ಶಾಸನವು ತಿಳಿಸುತ್ತದೆ. ಸೂಡಿಯಾದರೋ ಕಾಳಾಮುಖ ಶೈವಾಚಾರ್ಯರ ನೆಲೆ; ಅಲ್ಲಿ ಈಕೆಯ ಹೆಸರಿನ ಅಕ್ಕೇಶ್ವರ ದೇಗುಲವೂ ಇದ್ದಿತು.

ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಸೂಡಿಯ ವ್ಯವಸ್ಥೆಯು ಕೆಟ್ಟುಹೋಗಿತ್ತು. ಗೋಕಾಗೆಯ ಮುತ್ತಿಗೆಯಾದ ಕೆಲವೇ ವರ್ಷಗಳಲ್ಲಿ ಅಕ್ಕಾದೇವಿಯು ತನ್ನ ಮಂತ್ರಿಗಳೊಡನೆ ಸೇರಿ, ಆ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹಿಂದಿನ ಕಟ್ಟುಪಾಡನ್ನು ಶಾಸನಪೂರ್ವಕವಾಗಿ ಮರಳಿ ಮಾಡಿಕೊಟ್ಟಳು.