ಹೊಡೆಸಿಕೊಳ್ಳೋಕೆಂದೇ ಹಾರಿದ ವಿಮಾನ: ರೆಜಿನಾಲ್ಡ್ ಡೆನ್ನಿ

ಸ್ಕೇಲ್ ಮಾಡೆಲ್ ಹುಚ್ಚಿನವರು ನಮ್ಮ ನಡುವೆ ಒಬ್ಬಿಬ್ಬರಾದರೂ ಇದ್ದೇ ಇರ್ತಾರೆ. ಅವರ ಕಪಾಟಿನಲ್ಲಿ ಯುದ್ಧವಿಮಾನಗಳ ಸಾಲಿನ ಪಕ್ಕ ಕಾಕ್‌ಪಿಟ್ಟೇ ಇಲ್ಲದ ಕಿತ್ತಳೆ ಬಣ್ಣದ ಪುಟ್ಟ ವಿಮಾನ ಕಂಡರೆ, ಅದು ಟಾರ್ಗೆಟ್ ಡ್ರೋನ್ ಇರಬಹುದು. ಸೈನಿಕರು ಗುರಿಯಿಟ್ಟು ಹೊಡೆಯೋದನ್ನ ಕಲಿಯಲೆಂದೇ ಹಾರಿಸುವ ವಿಮಾನ ಅದು. ನೀರಲ್ಲಿ ನೆನೆಸಿ ಡೆಕಾಲ್ ಅಂಟಿಸಿದರೆ ಕಿಟ್ ಮುಗೀತು. ಕೂರಿಸೋಕೆ ಪೈಲಟ್ ಬೊಂಬೆ ಇರೋದಿಲ್ಲ. ಅಮೆರಿಕದಲ್ಲಿ ಇಂಥ ವಿಮಾನಗಳು ಸಾವಿರಗಟ್ಟಲೆ ತಯಾರಾಗಲು ಕಾರಣರಾದವರು ಒಬ್ಬ ಸಿನಿಮಾ ನಟ. ಶುರುವಾಗಿದ್ದೂ ಮಾಡೆಲ್ ಅಂಗಡಿಯಿಂದಲೇ!

ರೆಜಿನಾಲ್ಡ್ ಡೆನ್ನಿ 1891ರಲ್ಲಿ ಲಂಡನ್ ಬಳಿಯ ರಿಚ್ಮಂಡ್‌ನಲ್ಲಿ ಹುಟ್ಟಿದರು. ತಂದೆ ರಂಗನಟ. ಮೊದಲ ಮಹಾಯುದ್ಧದಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿದ್ದರು. ಆಮೇಲೆ ಹಾಲಿವುಡ್. 1920ರ ದಶಕದ ಮೂಕಿ ಹಾಸ್ಯಚಿತ್ರಗಳಲ್ಲಿ ಅವರು ಜನಪ್ರಿಯ ನಾಯಕ. ಟಾಕಿ ಬಂದ ಮೇಲೆ ಅವರ ಇಂಗ್ಲಿಷ್ ಉಚ್ಚಾರಣೆಗೆ ಹೊಂದುವ ಪೋಷಕ ಪಾತ್ರಗಳೇ ಹೆಚ್ಚಾಗಿ ಸಿಕ್ಕವು. 1940ರಲ್ಲಿ ಬಂದ ಹಿಚ್‌ಕಾಕ್‌ರ ‘ರೆಬೆಕ್ಕಾ’ದಲ್ಲೂ ಅವರನ್ನು ನೋಡಬಹುದು.

ವಿಮಾನದ ನಂಟು ಮಾತ್ರ ಬಿಡಲಿಲ್ಲ. 1934ರಲ್ಲಿ ಹಾಲಿವುಡ್‌ನಲ್ಲಿ ಮಾಡೆಲ್ ವಿಮಾನದ ಅಂಗಡಿ ತೆರೆದರು. ಮುಂದೆ ‘ಡೆನ್ನಿಪ್ಲೇನ್’ ಎಂಬ ಮಾಡೆಲ್, ‘ಡೆನ್ನಿಮೈಟ್’ ಎಂಬ ಪುಟ್ಟ ಎಂಜಿನ್ ಮಾರಿದರು. ಆಗ ವಿಮಾನ ಹೊಡೆಯುವ ತರಬೇತಿ ಹೇಗಿತ್ತು ಅಂದರೆ, ಪೈಲಟ್ ಇರುವ ವಿಮಾನವೊಂದು ಉದ್ದನೆಯ ಬಟ್ಟೆಯ ಚೀಲವನ್ನು ಎಳೆದುಕೊಂಡು ಹೋಗೋದು, ಕೆಳಗಿನವರು ಅದಕ್ಕೆ ಗುಂಡು ಹಾರಿಸೋದು. ಗುರಿ ತಪ್ಪಿದರೆ ಪೈಲಟ್ ಗತಿಯೇನು? ರೇಡಿಯೋದಿಂದ ನಡೆಸುವ ದೊಡ್ಡ ಮಾಡೆಲ್ ಯಾಕಾಗಬಾರದು ಅಂತ ಡೆನ್ನಿ ಹೊರಟರು.

1935ರಲ್ಲಿ ಸೇನೆಗೆ ಮೊದಲ ಮಾದರಿ ತೋರಿಸಿದರು. ಆದರೆ ಗುತ್ತಿಗೆ ಕೈಗೆ ಬರೋಕೆ 1940 ಆಯ್ತು. ಈ ಮಧ್ಯೆ ವಾಲ್ಟರ್ ರೈಟರ್ ಎಂಬ ಎಂಜಿನಿಯರ್ ಜೊತೆ ಸೇರಿ ವಿನ್ಯಾಸವನ್ನು ಮತ್ತೆ ಮತ್ತೆ ತಿದ್ದಿದರು. ಹೀಗೆ ಬಂದ ‘ಓಕ್ಯೂ-2’ ಡ್ರೋನ್‌ನ ರೆಕ್ಕೆಯಗಲ ಸುಮಾರು 3.7 ಮೀಟರ್, ತೂಕ 47 ಕಿಲೋ. ಕವಣೆಯಂಥ ಸಾಧನದಿಂದ ಚಿಮ್ಮಿಸಿ ಹಾರಿಸುತ್ತಿದ್ದರು. ಗುಂಡಿಗೆ ಸಿಗದೆ ಉಳಿದರೆ ಪ್ಯಾರಾಚೂಟ್ ಬಿಚ್ಚಿ ಇಳಿಸುತ್ತಿದ್ದರು. ಅವರ ರೇಡಿಯೋಪ್ಲೇನ್ ಕಂಪನಿ ಯುದ್ಧಕಾಲದಲ್ಲಿ ಹೆಚ್ಚುಕಡಿಮೆ 15,000 ಡ್ರೋನ್ ತಯಾರಿಸಿತು. ಅಲ್ಲಿ ಕೆಲಸಕ್ಕಿದ್ದ ನಾರ್ಮಾ ಜೀನ್ ಎಂಬ ಹುಡುಗಿಯ ಫೋಟೋವನ್ನು ಸೇನೆಯ ಛಾಯಾಗ್ರಾಹಕರೊಬ್ಬರು ತೆಗೆದರು. ಅವಳೇ ಮುಂದೆ ಮರ್ಲಿನ್ ಮನ್ರೋ!

1952ರಲ್ಲಿ ಕಂಪನಿ ನಾರ್ಥ್‌ರಪ್ ಪಾಲಾಯಿತು. ಡೆನ್ನಿ ನಟಿಸುತ್ತಲೇ ಇದ್ದರು. 1966ರ ‘ಬ್ಯಾಟ್‌ಮನ್’ ಚಿತ್ರದಲ್ಲಿ ಕಾಣಿಸಿಕೊಂಡು, ಮರುವರ್ಷ ಹುಟ್ಟೂರು ರಿಚ್ಮಂಡ್‌ನಲ್ಲೇ ತೀರಿಕೊಂಡರು.

ಈಗ ಡ್ರೋನ್ ಅಂದರೆ ನಮಗೆ ನೆನಪಾಗೋದು ಮೇಲಿಂದ ಬೀಳುವ ಬಾಂಬು. ಡೆನ್ನಿಯ ಡ್ರೋನ್ ಯಾರನ್ನೂ ಹೊಡೆಯಲಿಲ್ಲ, ತಾನೇ ಹೊಡೆಸಿಕೊಂಡಿತು. ಆದರೆ ಅದರಿಂದ ಕಲಿತವರು ಮುಂದೆ ಹೊಡೆದದ್ದು ಮನುಷ್ಯರಿದ್ದ ವಿಮಾನಗಳನ್ನು ಅನ್ನೋದನ್ನೂ ಮರೆಯೋಹಾಗಿಲ್ಲ. ನಮ್ಮ ಬೆಂಗಳೂರಿನ ಎಡಿಇ ರೂಪಿಸಿದ ‘ಲಕ್ಷ್ಯ’ವೂ ಇದೇ ಜಾತಿಯ ವಿಮಾನ. ನಮ್ಮಲ್ಲಿ ಏರೋಸ್ಪೇಸ್, ರೊಬಾಟಿಕ್ಸ್ ಓದುತ್ತಿರುವವರು ಎಷ್ಟೋ ಮಂದಿ ಇದ್ದೇವೆ. ಮನುಷ್ಯನನ್ನು ಅಪಾಯದಿಂದ ಇಳಿಸೋಕೆ ಮಾಡಿದ ಯಂತ್ರ ಮುಂದೆ ಯಾರ ಕೈಗೆ, ಯಾವ ಕೆಲಸಕ್ಕೆ ಹೋಗುತ್ತೆ ಅನ್ನೋ ಪ್ರಶ್ನೆಯನ್ನ ನಾವು ಪಾಠದ ಜೊತೆಗೇ ಕೇಳ್ಕೋಬೇಕು.