ದಾದಾಸಾಹೇಬ ಫಾಲ್ಕೆ

1912ರಲ್ಲಿ ಮುಂಬಯಿಯ ಒಂದು ಮನೆಯಲ್ಲಿ ವಿಚಿತ್ರವಾದ ಕಾರ್ಯವೊಂದು ನಡೆದಿತ್ತು. ಕುಂಡವೊಂದರಲ್ಲಿ ಬಟಾಣಿ ಕಾಳನ್ನು ಬಿತ್ತಿ, ಅದರೆದುರಿಗೆ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಲಾಗಿತ್ತು. ಸುಮಾರು ನಲವತ್ತೆರಡು ವರ್ಷದ ಗೃಹಸ್ಥರೊಬ್ಬರು ನಿಯಮಿತವಾದ ಅಂತರದಲ್ಲಿ ಒಂದೊಂದೇ ಚಿತ್ರವನ್ನು ತೆಗೆಯುತ್ತಿದ್ದರು. ಈ ಕೆಲಸ ಒಂದು ತಿಂಗಳಿಗೂ ಮೇಲ್ಪಟ್ಟು ಸಾಗಿತು. ಆಮೇಲೆ ಆ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆರೆಯ ಮೇಲೆ ಓಡಿಸಿದಾಗ, ನೋಡುವವರ ಕಣ್ಣೆದುರಿಗೇ ಕಾಳು ಮೊಳೆತು, ಎಲೆಯೊಡೆದು, ಬಳ್ಳಿಯಾಗಿ ಬೆಳೆಯಿತು. ನಟರಿಲ್ಲದ, ಬಣ್ಣದ ಪರದೆಗಳಿಲ್ಲದ, ಹೆಚ್ಚಿನ ಖರ್ಚಿಲ್ಲದ ಆ ಕಿರುಚಿತ್ರವನ್ನು ತಯಾರಿಸಿದವರು ಧುಂಡಿರಾಜ ಗೋವಿಂದ ಫಾಲ್ಕೆ.

ಫಾಲ್ಕೆಯವರು ನಾಸಿಕದ ಸಮೀಪದ ತ್ರ್ಯಂಬಕೇಶ್ವರದಲ್ಲಿ 1870ರ ಏಪ್ರಿಲ್ 30ರಂದು ಜನಿಸಿದರು. ತಂದೆ ಸಂಸ್ಕೃತ ವಿದ್ವಾಂಸರು. ಮಗನಿಗೆ ಮಾತ್ರ ಬಾಲ್ಯದಿಂದಲೂ ಚಿತ್ರಕಲೆಯಲ್ಲಿ ಒಲವು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಯೂ ಬಡೋದೆಯ ಕಲಾಭವನದಲ್ಲಿಯೂ ಅವರು ಅಭ್ಯಾಸ ಮಾಡಿ, ಛಾಯಾಚಿತ್ರಣವನ್ನೂ ಮುದ್ರಣವನ್ನೂ ಕಲಿತರು. ಗೋಧ್ರಾದಲ್ಲಿ ಛಾಯಾಚಿತ್ರಗಾರರಾಗಿ ನೆಲೆಸಿದ್ದಾಗ ಪ್ಲೇಗಿನ ಹಾವಳಿ ಅವರ ಮೊದಲ ಪತ್ನಿಯನ್ನೂ ಮಗುವನ್ನೂ ಕಸಿದುಕೊಂಡಿತು. ಮುಂದೆ ಪುರಾತತ್ತ್ವ ಇಲಾಖೆಯಲ್ಲಿ ಕೆಲವು ಕಾಲ ದುಡಿದು, ಆ ಬಳಿಕ ಮುದ್ರಣಾಲಯವನ್ನು ತೆರೆದರು. ರವಿವರ್ಮನ ಚಿತ್ರಗಳ ಅಚ್ಚಿನ ಕೆಲಸದಲ್ಲಿ ಅವರಿಗೆ ಒಳ್ಳೆಯ ಅನುಭವವಿತ್ತು. ನಮ್ಮ ಹಳೆಯ ಮನೆಗಳ ಪಡಸಾಲೆಗಳಲ್ಲಿ ತೂಗುತ್ತಿದ್ದ ಲಕ್ಷ್ಮೀ ಸರಸ್ವತಿಯರ ಪಟಗಳು ಈ ಬಗೆಯ ಅಚ್ಚಿನಿಂದಲೇ ಬಂದವು. ದೇವತೆಗಳ ರೂಪವನ್ನು ಮನೆಮನೆಗೂ ಮುಟ್ಟಿಸಿದ ಆ ಕಲೆಯ ಪರಿಚಯ ಫಾಲ್ಕೆಯವರಿಗೆ ಮುಂದೆ ಎಷ್ಟು ಉಪಕರಿಸಿತೆಂಬುದನ್ನು ಊಹಿಸಬಹುದು. ಪಾಲುದಾರರೊಡನೆ ಮನಸ್ತಾಪ ಉಂಟಾದ್ದರಿಂದ ಅವರು ಮುದ್ರಣಾಲಯವನ್ನು ಬಿಟ್ಟು ಹೊರಬಂದರು.

ಹೀಗೆ ಕೈಯಲ್ಲಿ ಕೆಲಸವಿಲ್ಲದಿದ್ದ ದಿನಗಳಲ್ಲಿ ಮುಂಬಯಿಯ ಚಿತ್ರಮಂದಿರವೊಂದರಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಚಲಚ್ಚಿತ್ರವನ್ನು ಅವರು ನೋಡಿದರು. ತೆರೆಯ ಮೇಲೆ ಕ್ರಿಸ್ತನು ನಡೆದಾಡುತ್ತಿದ್ದರೆ ಅವರ ಮನಸ್ಸಿನಲ್ಲಿ ರಾಮಕೃಷ್ಣರು ಸುಳಿದಾಡಿದರು. ಅಂದಿನಿಂದ ಅವರಿಗೆ ಬೇರೆ ಚಿಂತೆಯೇ ಇಲ್ಲವಾಯಿತು. ಸಿಕ್ಕ ಸಿಕ್ಕ ಚಿತ್ರಗಳನ್ನೆಲ್ಲ ನೋಡುತ್ತ, ನಿದ್ದೆಗೆಟ್ಟು ಪ್ರಯೋಗಗಳನ್ನು ಮಾಡುತ್ತ ಹೋದುದರಿಂದ ಕೆಲವು ಕಾಲ ಅವರ ದೃಷ್ಟಿಯೇ ಕುಂದಿತು. ಚಿಕಿತ್ಸೆಯಿಂದ ಕಣ್ಣು ಮರಳಿ ಬಂದೊಡನೆ, ಜೀವವಿಮೆಯ ಪಾಲಿಸಿಯನ್ನು ಒತ್ತೆಯಿಟ್ಟು ಸಾಲ ಪಡೆದು, 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಚಲಚ್ಚಿತ್ರ ಪತ್ರಿಕೆಯ ಸಂಪಾದಕರೊಬ್ಬರ ಸ್ನೇಹ ದೊರೆಯಿತು. ಅವರ ಮೂಲಕ ಸೆಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಚಿತ್ರಶಾಲೆಯನ್ನು ಪ್ರವೇಶಿಸಿ, ಚಿತ್ರ ತಯಾರಿಕೆಯ ಎಲ್ಲ ಹಂತಗಳನ್ನೂ ಕಣ್ಣಾರೆ ಕಂಡರು. ವಿಲಿಯಮ್ಸನ್ ಕ್ಯಾಮೆರಾ ಒಂದನ್ನು ಕೊಂಡು, ಫಿಲ್ಮಿಗೂ ಅದಕ್ಕೆ ರಂಧ್ರ ಕೊರೆಯುವ ಯಂತ್ರಕ್ಕೂ ಬೇಡಿಕೆ ಸಲ್ಲಿಸಿ ಏಪ್ರಿಲಿನಲ್ಲಿ ಹಿಂದಿರುಗಿದರು.

ಯಂತ್ರಗಳೇನೋ ಬಂದವು, ಹಣ ಮುಗಿದಿತ್ತು. ಕಥಾಚಿತ್ರಕ್ಕೆ ಬಂಡವಾಳ ಹೂಡುವವರು ಬೇಕಾಗಿದ್ದರು. ಕಂಡರಿಯದ ವಿದ್ಯೆಯನ್ನು ನಂಬಿ ಹಣ ಕೊಡುವವರು ಯಾರು? ಆ ನಂಬಿಕೆಯನ್ನು ಹುಟ್ಟಿಸಲೆಂದೇ ಬಟಾಣಿ ಗಿಡದ ಕಿರುಚಿತ್ರ ಸಿದ್ಧವಾದದ್ದು. ಅದನ್ನು ನೋಡಿದ ಮೇಲೆ ಸಾಲ ದೊರೆಯಿತು. ಸಾಲದೆ ಬಂದ ಹಣಕ್ಕಾಗಿ ಪತ್ನಿ ಸರಸ್ವತೀಬಾಯಿಯವರು ತಮ್ಮ ಒಡವೆಗಳನ್ನು ಒಪ್ಪಿಸಿದರು.

'ರಾಜಾ ಹರಿಶ್ಚಂದ್ರ' ಚಿತ್ರದ ಕೆಲಸ ದಾದರಿನ ಬಂಗಲೆಯೊಂದರ ಆವರಣದಲ್ಲಿ ಆರಂಭವಾಯಿತು. ಅರಮನೆಯ ಕಂಬಗಳನ್ನೂ ಕಾಡಿನ ಮರಗಳನ್ನೂ ಪರದೆಗಳ ಮೇಲೆ ಫಾಲ್ಕೆಯವರೇ ಚಿತ್ರಿಸಿದರು. ಚಿತ್ರೀಕರಣಕ್ಕೆ ಸೂರ್ಯನ ಬೆಳಕೇ ಆಧಾರ. ಆ ಬೆಳಕನ್ನು ನಟರ ಮುಖದ ಮೇಲೆ ಬೀಳಿಸಲು ಸರಸ್ವತೀಬಾಯಿಯವರು ಬಿಳಿಯ ವಸ್ತ್ರವನ್ನು ಹಿಡಿದು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಅರುವತ್ತು ಎಪ್ಪತ್ತು ಜನರಿಗೆ ಅಡಿಗೆ ಮಾಡಿ ಬಡಿಸುವ ಭಾರವೂ ಅವರದೇ. ರಾತ್ರಿಯಾದರೆ ಮತ್ತೊಂದು ಕೆಲಸ ಕಾದಿರುತ್ತಿತ್ತು. ಅಂದಿನ ಫಿಲ್ಮ್ ಅಂಚಿನಲ್ಲಿ ರಂಧ್ರಗಳಿಲ್ಲದೆ ಬರುತ್ತಿದ್ದುದರಿಂದ, ಕತ್ತಲೆಯ ಕೋಣೆಯಲ್ಲಿ ಕುಳಿತು ಯಂತ್ರದಿಂದ ಅದಕ್ಕೆ ಸಮನಾಗಿ ರಂಧ್ರ ಕೊರೆಯಬೇಕಾಗಿತ್ತು. ಒಂದು ರಂಧ್ರ ಅತ್ತಿತ್ತ ಸರಿದರೂ ಚಿತ್ರ ತೆರೆಯ ಮೇಲೆ ಕುಣಿಯುವುದು. ತೆಗೆದ ಫಿಲ್ಮನ್ನು ರಾಸಾಯನಿಕ ದ್ರಾವಣಗಳಲ್ಲಿ ತೊಳೆದು, ಒಣಗಿಸಿ, ಪ್ರತಿ ಅಚ್ಚು ಮಾಡಿ, ತುಂಡುಗಳನ್ನು ಕಥೆಯ ಕ್ರಮಕ್ಕೆ ಜೋಡಿಸುವುದೂ ಮನೆಯಲ್ಲೇ ನಡೆಯಿತು. ಈ ಚಿತ್ರದ ಕೀರ್ತಿಯಲ್ಲಿ ಆ ತಾಯಿಯ ಪಾಲು ಬಹಳ ದೊಡ್ಡದು. ಲೋಕ ಅದನ್ನು ತಡವಾಗಿ ಗುರುತಿಸಿತು.

ನಟರನ್ನು ಹುಡುಕುವುದೂ ಸುಲಭವಾಗಿರಲಿಲ್ಲ. ಚಲಚ್ಚಿತ್ರದಲ್ಲಿ ಅಭಿನಯಿಸುವುದು ಹೀನವೆಂಬ ಭಾವನೆ ಜನರಲ್ಲಿತ್ತು. ಕೇಳಿದವರಿಗೆ ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿರುವುದಾಗಿ ಹೇಳಬೇಕೆಂದು ಫಾಲ್ಕೆಯವರು ತಮ್ಮ ನಟರಿಗೆ ಸೂಚಿಸಿದ್ದರಂತೆ. ಹರಿಶ್ಚಂದ್ರನಾಗಿ ದಾಬ್ಕೆಯವರು ಒಪ್ಪಿದರು. ರೋಹಿತಾಶ್ವನ ಪಾತ್ರಕ್ಕೆ ಮಗ ಭಾಲಚಂದ್ರನೇ ಒದಗಿದನು. ತಾರಾಮತಿಯ ಪಾತ್ರಕ್ಕೆ ಮಾತ್ರ ಯಾವ ಸ್ತ್ರೀಯೂ ಮುಂದೆ ಬರಲಿಲ್ಲ. ಕೊನೆಗೆ ಉಪಾಹಾರಗೃಹವೊಂದರಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತರುಣನು ಸೀರೆಯುಟ್ಟು ರಾಣಿಯಾದನು. ಇದೇ ಸಾಳುಂಕೆ 1917ರ 'ಲಂಕಾದಹನ'ದಲ್ಲಿ ರಾಮನಾಗಿಯೂ ಸೀತೆಯಾಗಿಯೂ ಕಾಣಿಸಿಕೊಂಡನು!

ಆರು ತಿಂಗಳಿಗೂ ಹೆಚ್ಚಿನ ದುಡಿಮೆಯ ಫಲವಾಗಿ ಸುಮಾರು 3700 ಅಡಿಗಳ ಮೂಕಚಿತ್ರ ಸಿದ್ಧವಾಯಿತು. 1913ರ ಮೇ 3ರಂದು ಮುಂಬಯಿಯ ಕಾರೋನೇಷನ್ ಚಿತ್ರಮಂದಿರದಲ್ಲಿ ಅದು ಸಾರ್ವಜನಿಕ ಪ್ರದರ್ಶನ ಕಂಡಿತು. ಜನ ಕಿಕ್ಕಿರಿದು ಬಂದರು. ಸಾಲ ತೀರಿ, ಮುಂದಿನ ಚಿತ್ರಗಳಿಗೆ ದಾರಿಯಾಯಿತು. 1919ರ 'ಕಾಲಿಯಮರ್ದನ'ದಲ್ಲಿ ಮಗಳು ಮಂದಾಕಿನಿ ಬಾಲಕೃಷ್ಣನಾದಳು.

ಆದರೆ ಪಾಲುದಾರರೊಡನೆ ಮತ್ತೆ ವಿರಸ ಬೆಳೆಯಿತು. ಫಾಲ್ಕೆಯವರು ಎಲ್ಲವನ್ನೂ ತೊರೆದು ಕೆಲಕಾಲ ಕಾಶಿಗೆ ಹೋಗಿ ನೆಲೆಸಿದರು. ಹಿಂದಿರುಗಿ ಚಿತ್ರಗಳನ್ನು ಮಾಡಿದರೂ, ಅಷ್ಟರಲ್ಲಿ ತೆರೆಗೆ ಮಾತು ಬಂದಿತ್ತು. 1937ರ 'ಗಂಗಾವತರಣ' ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ಅವರು ತೀರಿಕೊಂಡರು. ಭಾರತ ಸರಕಾರವು 1969ರಲ್ಲಿ ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. 1995ನೆಯ ಸಾಲಿನಲ್ಲಿ ಅದು ನಟ ರಾಜಕುಮಾರರಿಗೆ ಸಂದಿತು. 2008ನೆಯ ಸಾಲಿನಲ್ಲಿ ಮೈಸೂರಿನ ವಿ.ಕೆ. ಮೂರ್ತಿಯವರಿಗೆ. ಕ್ಯಾಮೆರಾದ ಹಿಂದೆ ನಿಂತು ದುಡಿದ ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು.