ವೀರ ಮಡಿವಾಳ ಮಾಚಿದೇವರು

ಶರಣರ ಬಟ್ಟೆಗಳನ್ನು ಮಡಿಮಾಡುತ್ತ ಬಾಳಿ, ವೇಳೆ ಬಂದಾಗ ಕತ್ತಿ ಹಿರಿದು ನಿಂತ ಮಹಾಪುರುಷರೊಬ್ಬರು 12ನೆಯ ಶತಮಾನದ ಕನ್ನಡ ನಾಡಿನಲ್ಲಿ ಆಗಿಹೋದರು. ಅವರೇ ಮಡಿವಾಳ ಮಾಚಿದೇವರು. ದುಡಿಮೆಯನ್ನು ನಂಬಿ ಮಲಾಡಿಗೆ ಬಂದು ನೆಲೆಸಿದ ನಮ್ಮ ಕನ್ನಡ ಮನೆತನಗಳು ರಾಜ್ಯೋತ್ಸವದ ಈ ಶುಭದಿನದಲ್ಲಿ ಅವರನ್ನು ನೆನೆಯುವುದು ಉಚಿತವಾಗಿದೆ.

ಅವರ ಹುಟ್ಟೂರು ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ. ತಂದೆ ಪರುವತಯ್ಯ, ತಾಯಿ ಸುಜ್ಞಾನವ್ವ ಎಂದು ಪರಂಪರೆ ಹೇಳುತ್ತದೆ. ಅವರ ನಿಷ್ಠೆಯೆಲ್ಲ ಕಲಿದೇವರಲ್ಲಿ. ವಚನಗಳ ಅಂಕಿತವೂ ಆ ದೇವರ ಹೆಸರೇ. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದ ಮೇಲೂ ಅವರು ಕುಲದ ಕಸುಬನ್ನು ಬಿಡಲಿಲ್ಲ. ಆದರೆ ಶಿವಭಕ್ತರ ಬಟ್ಟೆಗಳನ್ನಲ್ಲದೆ ಬೇರೆಯವರದನ್ನು ಮುಟ್ಟುತ್ತಿರಲಿಲ್ಲ. ಮಡಿ ಬಟ್ಟೆಯ ಗಂಟನ್ನು ಹೊತ್ತು, ಕೈಯಲ್ಲಿ ಕತ್ತಿ ಹಿಡಿದು, ಗಂಟೆ ಬಾರಿಸುತ್ತ ಅವರು ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಿದ್ದರಂತೆ. ಅವರ ಮೇಲೆ ಬಿಜ್ಜಳನು ಆನೆಯನ್ನು ಬಿಡಿಸಿದನೆಂದೂ ಅವರು ಅದನ್ನು ಅಡಗಿಸಿದರೆಂದೂ ಪುರಾಣದ ಕಥೆ.

ಅವರದು ನಿಷ್ಠುರವಾದ ನಾಲಗೆ. ತಾನು ದಾನಿಯೆಂಬ ಹಮ್ಮು ಬಸವಣ್ಣನವರಲ್ಲಿ ಒಮ್ಮೆ ಸುಳಿದಾಗ ಅದನ್ನೂ ತಿದ್ದಿದರಂತೆ. ಕಾಯಕವೊಂದೇ ಸಾಕೆಂದು ಲಿಂಗವನ್ನೇ ಬಿಟ್ಟು ನಡೆದ ನುಲಿಯ ಚಂದಯ್ಯನಿಗೆ ಇವರೇ ತಿಳಿಹೇಳಿದರೆಂದು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ದುಡಿಮೆ ಬೇರೆ, ಭಕ್ತಿ ಬೇರೆ ಎಂಬ ಭೇದ ಅವರಿಗೆ ಸಲ್ಲದು.

1167ರ ಸುಮಾರಿಗೆ ಕಲ್ಯಾಣದಲ್ಲಿ ಗೊಂದಲವೆದ್ದಿತು. ಹರಳಯ್ಯ ಮಧುವರಸರು ತಮ್ಮ ಮಕ್ಕಳಿಗೆ ಜಾತಿ ಮೀರಿ ಮದುವೆ ಮಾಡಿದ್ದಕ್ಕೆ ಘೋರ ಶಿಕ್ಷೆಗೆ ಗುರಿಯಾದರು. ಶರಣರು ಊರು ಬಿಡಬೇಕಾಯಿತು. ವಚನಗಳ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರು ಉಳವಿಯ ಕಡೆಗೆ ಹೊರಟಾಗ, ಬೆನ್ನಟ್ಟಿದ ಸೈನ್ಯವನ್ನು ಮಾಚಿದೇವರು ಎದುರಿಸಿ ತಡೆದರೆಂದು ಪರಂಪರೆ ಸಾರುತ್ತದೆ. ಅವರು ಕಾದಾಡಿದ್ದು ರಾಜ್ಯಕ್ಕಾಗಿ ಅಲ್ಲ, ಹೊನ್ನಿಗಾಗಿಯೂ ಅಲ್ಲ. ಓಲೆಗರಿಗಳ ಮೇಲಿದ್ದ ಕನ್ನಡದ ಮಾತುಗಳಿಗಾಗಿ.

1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಲ್ಲಿ ಅವರ ಕಥೆಗೆ ಸ್ಥಾನ ದೊರೆಯಿತು. ಅವರ 300ಕ್ಕೂ ಹೆಚ್ಚು ವಚನಗಳು ಇಂದು ನಮಗೆ ದೊರೆತಿವೆ. ಮನೆಮನೆ ತಿರುಗಿ ಓಲೆಗರಿಗಳನ್ನು ಕೂಡಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿ ವಚನಗಳನ್ನು ಮತ್ತೆ ಜನರ ಕೈಗಿತ್ತರು.

ಊರು ಬಿಟ್ಟು ಹೊರಟ ಶರಣರು ಬಂಗಾರವನ್ನು ಬಿಟ್ಟರೂ ಮಾತನ್ನು ಬಿಡಲಿಲ್ಲ. ನಾವೂ ಊರು ಬಿಟ್ಟು ಬಂದವರೇ. ನಮ್ಮ ಮಕ್ಕಳು ಬೀದಿಯಲ್ಲಿ ಮರಾಠಿ, ಹಿಂದಿ ಕಲಿಯಲಿ, ಸಂತೋಷ. ಮನೆಯೊಳಗೆ ಮಾತ್ರ ಸಂಜೆ ದೀಪ ಹಚ್ಚಿದ ಮೇಲೆ ಮಾಚಿದೇವರ ಒಂದು ವಚನವನ್ನಾದರೂ ಅವರಿಂದ ಓದಿಸೋಣ.